ಎಂಬತ್ತೇಳನೆಯ ಮಾದರಿ

ನಮ್ಮ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂದ ವರ್ಷ, ಆರೋಗ್ಯವಂತರ ರಕ್ತ ಹುಡುಕುವ ಕೆಲಸ ನನ್ನ ಪಾಲಿಗೆ ಬಿತ್ತು. ರೋಗಿಗಳ ರಕ್ತಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ವರದಿಯ ಬಲಗಡೆ ‘ಇಷ್ಟರಿಂದ ಇಷ್ಟರವರೆಗೆ ಸಹಜ’ ಎಂದು ಅಚ್ಚಾಗುವ ಅಂಕಿ ಕಟ್ಟಬೇಕಾದರೆ ಯಾವ ಕಾಯಿಲೆಯೂ ಇಲ್ಲದ ನೂರಿಪ್ಪತ್ತು ಜನ ಬೇಕು. ಗುಮಾಸ್ತರು, ಕಾವಲುಗಾರರು, ನರ್ಸುಗಳ ಗಂಡಂದಿರು ಎಲ್ಲ ಮುಗಿದರೂ ಹೆಂಗಸರು ಕಡಿಮೆ ಬಿದ್ದರು. ಅಕ್ಕನನ್ನು ಕರೆದುಕೊಂಡು ಹೋದೆ.

ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಎರಡು ಹೆರಿಗೆ ಬಿಟ್ಟರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲಿ ಎಲ್ಲರಿಗೂ ಅವಳು ಗುಂಡುಕಲ್ಲು. ನೆಗಡಿಯಾದರೂ ಗಾಬರಿ ಬೀಳುವವಳು ನಾನು. ತೋಳಿಗೆ ಪಟ್ಟಿ ಬಿಗಿಯುವಾಗ, “ಸೊಳ್ಳೆ ಕುಡಿದು ಸುಮ್ನೆ ಹಾರಿಹೋಗುತ್ತೆ. ನೀನು ಒತ್ಕೊಳ್ಳೋಕೆ ಹತ್ತಿನಾದ್ರೂ ಕೊಡ್ತೀಯಲ್ಲ” ಎಂದಳು.

ರಕ್ತದ ಕೊಳವೆಯ ಹೆಸರುಚೀಟಿ ಕಿತ್ತು ಸಂಖ್ಯೆ ಅಂಟಿಸುತ್ತಿದ್ದವರು ನಮ್ಮ ಮುಖ್ಯಸ್ಥರು. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಅವರ ಬೀರುವಿನಲ್ಲಿ. ಯಾವುದಾದರೂ ಅಂಕಿ ಆತಂಕ ಹುಟ್ಟಿಸಿದರೆ ಅವರಿಗೆ ತಿಳಿಸಬೇಕು. ಅವರು ಪಟ್ಟಿ ನೋಡಿ ಆ ವ್ಯಕ್ತಿಯನ್ನು ಕರೆಸುತ್ತಾರೆ.

ಎಂಬತ್ತೇಳನೆಯ ಮಾದರಿಯಲ್ಲಿ ಕ್ರಿಯಾಟಿನಿನ್ ಎರಡು ಮುಕ್ಕಾಲು ಬಂತು. ಮೂತ್ರಪಿಂಡ ಸರಿಯಿದ್ದ ಹೆಂಗಸರಲ್ಲಿ ಅದು ಒಂದನ್ನು ದಾಟುವುದು ಅಪರೂಪ. ಮತ್ತೆ ನೋಡಿದೆ, ಅದೇ ಬಂತು. ಆ ಒಂದು ಅಂಕಿಯಿಂದ ನನ್ನ ಲೆಕ್ಕವೆಲ್ಲ ವಾಲುತ್ತಿತ್ತು, ವರದಿ ಮರುದಿನ ಹೋಗಬೇಕಿತ್ತು. ನಾವು ಕರೆತಂದವರೆಲ್ಲ ಗಟ್ಟಿಮುಟ್ಟಾದವರು. ವಾರ್ಡಿನ ಯಾರದೋ ಕೊಳವೆ ಸೇರಿಕೊಂಡಿರಬೇಕು ಅಂದುಕೊಂಡೆ. ಗುಂಪಿಗೆ ಸೇರದ ಅಂಕಿಯನ್ನು ಕಾರಣ ಬರೆದು ತೆಗೆಯಲು ನಿಯಮದಲ್ಲಿ ಅವಕಾಶವಿತ್ತು. ‘ಮಾದರಿ ದೋಷ’ ಎಂದು ಬರೆದು ತೆಗೆದೆ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು ನಾನು. ಮುಖ್ಯಸ್ಥರಿಗೆ ಒಂದು ಮಾತು ಹೇಳಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಅಕ್ಕನ ಕಾಲು ಊದಿತು. ಹೊಲಿಗೆ ಯಂತ್ರ ತುಳಿದು ತುಳಿದು ಹೀಗಾಗಿದೆ ಎಂದಳು. ನಾನೇ ರಕ್ತ ತೆಗೆದು ನಾನೇ ಯಂತ್ರಕ್ಕಿಟ್ಟೆ. ಕ್ರಿಯಾಟಿನಿನ್ ಒಂಬತ್ತು ಬಂತು. ಪಕ್ಕದಲ್ಲಿ ನಾನು ಕಟ್ಟಿದ ಸಹಜದ ಅಂಕಿ ಅಚ್ಚಾಗಿತ್ತು. ಮುಖ್ಯಸ್ಥರ ಮುಂದೆ ನಿಂತು ಪಟ್ಟಿ ಕೇಳಿದೆ. ಅವರು ಎಂಬತ್ತೇಳರ ಎದುರಿನ ಹೆಸರಿನ ಮೇಲೆ ಬೆರಳಿಟ್ಟು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ತನ್ನ ತಂಗಿಯ ಯಂತ್ರಕ್ಕೆ ಅಳತೆ ಕೊಟ್ಟವರಲ್ಲಿ ತಾನೂ ಒಬ್ಬಳೆಂದು ಅಕ್ಕ ನರ್ಸುಗಳ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ, ಪಕ್ಕದ ಹಾಸಿಗೆಯವರು ನಿದ್ದೆ ಹೋಗಿದ್ದಾಗ, ಎಲ್ಲವನ್ನೂ ಹೇಳಿದೆ.

ಅಕ್ಕ ತನ್ನ ರಕ್ತ ಹರಿಯುತ್ತಿದ್ದ ನಳಿಗೆಯನ್ನೇ ನೋಡುತ್ತಿದ್ದಳು.

“ಆಗ್ಲೇ ಗೊತ್ತಾಗಿದ್ರೆ?”

ಸುಳ್ಳು ಹೇಳಬಹುದಿತ್ತು. “ಮಾತ್ರೆ, ಪಥ್ಯದಲ್ಲಿ ಡಯಾಲಿಸಿಸ್ ಇಲ್ಲದೆ ಇನ್ನಷ್ಟು ವರ್ಷ ತಳ್ಳಬಹುದಿತ್ತು” ಎಂದೆ.

“ಎಷ್ಟು ವರ್ಷ?”

“ಐದು. ಅದಕ್ಕಿಂತ ಹೆಚ್ಚೂ ಇರಬಹುದಿತ್ತು.”

ಅವಳು ಮುಖ ಆಚೆ ತಿರುಗಿಸಿಕೊಂಡಳು. ಬೈಯಲಿ ಎಂದು ಕಾದೆ. ಚಿಕ್ಕವಳಿದ್ದಾಗ ಪೆನ್ಸಿಲು ಕಳೆದದ್ದಕ್ಕೂ ನನಗೆ ಹೊಡೆದವಳು. ಅವಳು ಗೋಡೆಯ ಕಡೆಗೇ ಮಾತಾಡಿದಳು:

“ನಿನ್ನ ಭಾವನಿಗೆ ಹೇಳ್ಬೇಡ. ನೀನಿದ್ದೀಯ ಅನ್ನೋ ಒಂದೇ ಧೈರ್ಯದ ಮೇಲೆ ಓಡಾಡ್ಕೊಂಡಿದಾರೆ.”

ಆಗಲಿ ಎಂದೆ. ಕೈ ಹಿಡಿಯಲು ಹೋದೆ. ಹಿಂದಕ್ಕೆ ಎಳೆದುಕೊಂಡಳು, ಸೂಜಿ ಇದ್ದ ಕೈ ಅದಲ್ಲ.

ಅಷ್ಟರಲ್ಲಿ ಭಾವ ಔಷಧಿ ಚೀಟಿ ಹಿಡಿದು ಒಳಗೆ ಬಂದರು. ಹೊಸ ರಕ್ತಪರೀಕ್ಷೆಯ ವರದಿಯೂ ಕೈಯಲ್ಲಿತ್ತು. ಅದನ್ನು ನನಗೆ ಕೊಟ್ಟು, ಇದರಲ್ಲಿ ಒಳ್ಳೆಯದು ಏನಾದರೂ ಇದ್ದರೆ ನೀನೇ ನೋಡಿ ಹೇಳಮ್ಮಾ, ನನಗೆ ಓದಲು ಭಯ, ಎಂದರು. ನಾನು ಎದ್ದು ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ನಿಂತುಕೊಂಡೇ ಓದತೊಡಗಿದೆ.