ಜೇಬಿನೊಳಗಿನ ಕೈಗಳು

ಅವರ ಎರಡೂ ಕೈಗಳನ್ನು ನಾನು ಒಟ್ಟಿಗೆ ನೋಡಿದ್ದು ಪರಿಚಯವಾಗಿ ನಾಲ್ಕು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಅವು ಮೊಣಕಾಲು ಮುಟ್ಟುವ ಬೂದು ಕೋಟೊಂದರ ಜೇಬುಗಳಲ್ಲೇ ವಾಸವಾಗಿದ್ದವು; ಅಂಕ ಬರೆಯಲೋ, ಸ್ಟಾಪ್‌ವಾಚಿನ ಗುಂಡಿ ಒತ್ತಲೋ ಬಲಗೈ ಮಾತ್ರ ಹೊರಬಂದು, ಕೆಲಸ ಮುಗಿದದ್ದೇ ತಡ, ಮತ್ತೆ ಒಳಸೇರಿಕೊಳ್ಳುತ್ತಿತ್ತು. ಸೆಕೆಯಿರಲಿ, ಚಳಿಯಿರಲಿ, ಕೋಟು ತಪ್ಪಿದ್ದಲ್ಲ. ಮುಷ್ಟಿಗಳ ಭಾರಕ್ಕೆ ಜೇಬುಗಳು ಜೋತುಬಿದ್ದು, ಅವರು ನಡೆಯುವಾಗ ಎರಡು ಸಣ್ಣ ಚೀಲಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ನಮ್ಮ ಕಚೇರಿಗೆ ಬರುವ ಮಕ್ಕಳು ಅವರಿಗಿಟ್ಟ ಹೆಸರು ಜೇಬತ್ತೆ. ದೊಡ್ಡವರಾದ ನಾವು ಎದುರಿಗೆ ಮೇಡಂ ಎನ್ನುತ್ತಿದ್ದೆವು, ಬೆನ್ನ ಹಿಂದೆ ಮಕ್ಕಳ ಪಕ್ಷವನ್ನೇ ವಹಿಸುತ್ತಿದ್ದೆವು.

ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವುದು ಅವರ ಉದ್ಯೋಗ. ಅವರು ಬರೆದ ವರದಿಗಳನ್ನು ಟೈಪ್ ಮಾಡುವುದು ನನ್ನದು. ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಅರ್ಧ ಗೋಡೆ, ಅದರ ಮೇಲೆ ಅರ್ಧ ಗಾಜು. ಕಲಿಕೆಯಲ್ಲಿ ಹಿಂದೆ ಬೀಳಬಹುದೆಂದು ಶಾಲೆಯವರಿಗೆ ಯಾವ ಮಗುವಿನ ಬಗ್ಗೆ ಅನುಮಾನವೋ ಆ ಮಗು ಅಲ್ಲಿಗೆ ಬರುತ್ತಿತ್ತು. ಕೆಂಪು ಬಿಳಿ ಮುಖಗಳ ಒಂಬತ್ತು ಮರದ ಬ್ಲಾಕುಗಳು ಮೇಜಿನ ಮೇಲೆ ಮೊದಲೇ ಹರಡಿರುತ್ತಿದ್ದವು. ಕಾರ್ಡಿನಲ್ಲಿರುವ ವಿನ್ಯಾಸವನ್ನು ನೋಡಿ ಮಗು ಅವುಗಳನ್ನು ತನ್ನ ಕೈಯಾರೆ ಜೋಡಿಸಬೇಕು. ಪರೀಕ್ಷಿಸುವವರು ಬ್ಲಾಕನ್ನು ಮುಟ್ಟಕೂಡದೆಂಬುದು ನಿಯಮ. ಜೇಬತ್ತೆಗಂತೂ ಅದು ಪ್ರಾಣಕ್ಕಿಂತ ಹೆಚ್ಚು.

"ಅದಕ್ಕೆ ಜೇಬಲ್ಲೇ ಯಾಕೆ ಕೈ?" ಎಂದು ಒಮ್ಮೆ ಕೆಣಕಿದ್ದೆ.

"ಮಗು ತಿಣುಕಾಡ್ತಿದ್ರೆ ನನ್ನ ಕೈ ಸುಮ್ನಿರಲ್ಲ ಕಣ್ರೀ. ನನ್ನ ಮಗ ಹತ್ತು ವರ್ಷ ಆದ್ರೂ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಲೀಲಿಲ್ಲ. ಎಲ್ಲಾ ಈ ಕೈಗಳ ಪ್ರತಾಪ," ಎಂದು ಜೇಬುಗಳನ್ನೊಮ್ಮೆ ಕುಲುಕಿದರು.

ಹೀಗೆ ಸ್ವಂತ ಮಗನ ಮೇಲೆ ಮಾಡಿದ ಅಪರಾಧವನ್ನು ಊರಿನ ಮಕ್ಕಳ ಮೇಲೆ ಮಾಡಬಾರದೆಂದು ಹಟ ಹಿಡಿದ ಆ ಹೆಂಗಸಿಗೆ ತಂದೆತಾಯಿಯರನ್ನು ಓದುವ ಕಲೆ ಸಿದ್ಧಿಸಿತ್ತು. ಹೊರಗಿನ ಬೆಂಚಿನ ಮೇಲೆ ಕುಳಿತವರನ್ನು ಬಾಗಿಲ ಸಂದಿಯಿಂದ ಎರಡು ನಿಮಿಷ ನೋಡಿದರೆ ಸಾಕು. ಒಮ್ಮೆ ಒಬ್ಬ ವಕೀಲರ ಹೆಂಡತಿ ಮಗನೊಂದಿಗೆ ಬಂದಿದ್ದರು. ಹೆಸರೇನು ಎಂದು ಹುಡುಗನನ್ನು ಕೇಳಿದರೆ ತಾಯಿ ಹೇಳಿದರು, ವಯಸ್ಸೆಷ್ಟು ಎಂದರೆ ತಾಯಿ ಹೇಳಿದರು. ಜೇಬತ್ತೆ ಗಂಭೀರವಾಗಿ, "ತಾಯೀ, ನಿಮ್ಮದು ತುಂಬ ಚೆನ್ನಾಗಿ ಆಯ್ತು. ಇನ್ನು ಇವನನ್ನ ಒಳಗೆ ಕಳಿಸ್ತೀರಾ?" ಎಂದಾಗ ನಾನು ಟೈಪ್‌ರೈಟರಿನ ಮೇಲೆ ಬಗ್ಗಿ ನಗು ನುಂಗಿದೆ.

ಆದರೆ ಈ ಕಲೆಯಿಂದ ಅವರಿಗೊಂದು ಸಣ್ಣ ಜಂಭವೂ ಅಂಟಿಕೊಂಡಿತ್ತು. ಪ್ರತಿ ಮಗುವಿನ ಜೊತೆ ಮನೆಯ ವಿವರಗಳ ಹಾಳೆಯೊಂದು ಬರುತ್ತಿತ್ತು: ತಂದೆಯ ಓದು, ತಾಯಿಯ ಕೆಲಸ, ಮನೆಯಲ್ಲಿರುವ ಪುಸ್ತಕಗಳು, ದಿನಕ್ಕೆಷ್ಟು ಹೊತ್ತು ಮಗುವಿನೊಂದಿಗೆ ಮಾತು. ಮಗುವಿನ ಮುಖ ನೋಡುವ ಮೊದಲೇ ಆ ಹಾಳೆಯನ್ನೋದಿ, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಅಂಕೆ ಬರೆದಿಡುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ನೋಡಿದರೆ ಬಹುಪಾಲು ಅದೇ ಅಂಕ, ಇಲ್ಲವೇ ಅದರ ಪಕ್ಕದ್ದು. ಆಗ ಗಾಜಿನಾಚೆಯಿಂದ ನನ್ನತ್ತ ಹುಬ್ಬು ಹಾರಿಸುತ್ತಿದ್ದರು.

ಗಡಿಯಾರ ರಿಪೇರಿ ಮಾಡುವವನ ಮಗಳು ಬಂದದ್ದು ಒಂದು ಬುಧವಾರ. ಆರು ವರ್ಷದ ಹುಡುಗಿ; ಎರಡು ಬಿಗಿ ಜಡೆ. ತಂದೆಯ ಓದು ಆರನೆಯ ತರಗತಿ, ತಾಯಿ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಮನೆಯಲ್ಲಿ ಪುಸ್ತಕ ಒಂದೂ ಇಲ್ಲ. ಮಾತಿನ ಪ್ರಶ್ನೆಗೆ ತಂದೆ ಏನೂ ಬರೆದಿರಲಿಲ್ಲ. ಜೇಬತ್ತೆಯ ಪೆನ್ಸಿಲು ಮೂಲೆಯಲ್ಲೊಂದು ಸಣ್ಣ ಅಂಕೆ ಬರೆಯಿತು.

ಹುಡುಗಿ ಕುರ್ಚಿಯಲ್ಲಿ ಕೂತಳು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು, ಕಾರ್ಡನ್ನು ನೋಡಿದಳು, ಬ್ಲಾಕುಗಳನ್ನು ನೋಡಿದಳು, ಜೇಬತ್ತೆಯನ್ನು ನೋಡಿದಳು. ಅಷ್ಟೆ. "ಮಾಡಮ್ಮ" ಎಂದರೆ ಪಿಳಿಪಿಳಿ ಕಣ್ಣು ಬಿಟ್ಟಳು. ಸ್ಟಾಪ್‌ವಾಚು ಓಡಿತು, ನಿಂತಿತು. ಎರಡನೆಯ ಕಾರ್ಡಿಗೂ ಅದೇ ಕಥೆ, ಮೂರನೆಯದಕ್ಕೂ ಅದೇ. ಸೊನ್ನೆ, ಸೊನ್ನೆ, ಸೊನ್ನೆ. ಪೆನ್ಸಿಲಿನ ಅಂಕೆ ನಿಜವಾಯಿತು, ನನ್ನತ್ತ ಹುಬ್ಬೂ ಹಾರಿತು. ನಾನೇ ವರದಿ ಟೈಪ್ ಮಾಡಿದೆ: ಈ ಮಗುವನ್ನು ಶಾಲೆಯ ಹಿತ್ತಲ ಕಟ್ಟಡದ ಪ್ರತ್ಯೇಕ ತರಗತಿಗೆ ಸೇರಿಸತಕ್ಕದ್ದು. ಆ ಕಟ್ಟಡಕ್ಕೆ ಹೋದ ಮಕ್ಕಳು ಮುಂದಿನ ಕಟ್ಟಡಕ್ಕೆ ಮರಳಿದ್ದನ್ನು ನಾನು ಕಂಡಿರಲಿಲ್ಲ. ವರದಿ ಸೋಮವಾರ ಶಾಲೆಗೆ ಹೋಗಬೇಕಿತ್ತು.

ಅಷ್ಟರಲ್ಲಿ ಸ್ಟಾಪ್‌ವಾಚು ಕೆಟ್ಟಿತು. ಶನಿವಾರ ಮಧ್ಯಾಹ್ನ ಅದನ್ನು ರಿಪೇರಿಗೆ ಕೊಡಲು ಜೇಬತ್ತೆ ಹೊರಟಾಗ, ಬಸ್ ನಿಲ್ದಾಣದ ದಾರಿ ಅದೇ ಆದ್ದರಿಂದ ನಾನೂ ಜೊತೆಗೆ ಹೋದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬುಧವಾರದ ಹುಡುಗಿಯ ಅಪ್ಪ ಮೇಜಿಗೆ ಬಾಗಿದ್ದ. ಮಗಳು ಪಕ್ಕದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ಮೇಜಿನ ಅಂಚಿಗೆ ತಾಗುವಂತೆ ನಿಂತಿದ್ದಳು.

"ಅಪ್ಪಾ, ಅದಲ್ಲ. ಆ ಸ್ಕ್ರೂ ಎರಡನೇ ಡಬ್ಬಿದು. ಹಲ್ಲಿನ ಚಕ್ರ ತಿರುವಿ ಹಾಕಿದ್ದೀಯ ನೋಡು."

"ಹೌದಲ್ಲಾ!" ಎಂದ ಅಪ್ಪ, ಚಿಮುಟದಿಂದ ಚಕ್ರವನ್ನೆತ್ತಿ ತಿರುವಿ ಹಾಕಿದ. ಮತ್ತೆ ತಾನು ಮಾಡುತ್ತಿರುವುದನ್ನೆಲ್ಲ ಮಗಳಿಗೆ ಒಪ್ಪಿಸತೊಡಗಿದ: ಇದು ಯಾಕೆ ತಿರುಗುತ್ತೆ, ಇದು ನಿಂತರೆ ಯಾವುದು ನಿಲ್ಲುತ್ತೆ, ನೀನಾದ್ರೆ ಮೊದಲು ಯಾವುದನ್ನ ಬಿಚ್ತೀಯ. ತೆವಳುವ ವಯಸ್ಸಿನಿಂದ ಮಗು ಬೆಳೆದದ್ದು ಆ ಮೇಜಿನ ಬುಡದಲ್ಲಂತೆ. ಒಂದು ಸಾಸಿವೆಯಷ್ಟು ಸ್ಕ್ರೂ ಬಿದ್ದರೆ ದಿನವೆಲ್ಲ ಹುಡುಕಬೇಕು; ಹಾಗಾಗಿ ಅಲ್ಲಿಯ ಕಟ್ಟಪ್ಪಣೆ ಒಂದೇ: ನೋಡು, ಕೇಳು, ಮೇಜಿನ ಮೇಲಿರೋದನ್ನ ಮುಟ್ಟಬೇಡ.

"ಮತ್ತೆ ದಿನಕ್ಕೆಷ್ಟು ಮಾತಾಡ್ತೀರಿ ಅಂತ ಕೇಳಿದ್ವಲ್ಲ, ಯಾಕ್ರೀ ಬರೀಲಿಲ್ಲ?" ಎಂದರು ಜೇಬತ್ತೆ.

"ಇದನ್ನ ಮಾತು ಅಂತ ಲೆಕ್ಕ ಹಿಡೀತಾರಾ ಮೇಡಂ? ಕೆಲಸ ಮಾಡ್ತಾ ಗೊಣಗ್ತಿರ್ತೀನಿ ಅಷ್ಟೆ."

ಜೇಬತ್ತೆ ಸ್ಟಾಪ್‌ವಾಚನ್ನು ಕೊಡುವುದನ್ನೇ ಮರೆತರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಹಿತ್ತಲ ಕಟ್ಟಡದ ಆ ವಾಕ್ಯ ಟೈಪ್ ಮಾಡಿದ ಬೆರಳುಗಳು ನನ್ನವಲ್ಲವೇ?

ಜೇಬತ್ತೆ ಕರೆದಿದ್ದಂತೆ ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಅಪ್ಪ ಮಗಳು ಬೆಂಚಿನ ಮೇಲಿದ್ದರು. ಬ್ಲಾಕುಗಳು ಹರಡಿದವು. ಅಪ್ಪ ಬಾಗಿಲಲ್ಲಿ ನಿಂತು, "ಮುಟ್ಟಮ್ಮ, ಇಲ್ಲಿ ಮುಟ್ಟಬಹುದು," ಎಂದ. ಹುಡುಗಿ ಅಪ್ಪನನ್ನು ನಂಬದವಳಂತೆ ನೋಡಿದಳು. ಕೈ ಬೆನ್ನು ಬಿಡಲಿಲ್ಲ. ಆರು ವರ್ಷ ರೂಢಿಯಾದದ್ದು ಒಂದು ಮಾತಿಗೆ ಕಳಚೀತೇ? ಮೇಜಿನ ಈಚೆ ಜೇಬಿನೊಳಗಿನ ಎರಡು ಕೈ, ಆಚೆ ಬೆನ್ನ ಹಿಂದಿನ ಎರಡು ಕೈ. ನಡುವೆ ಒಂಬತ್ತು ಬ್ಲಾಕುಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು.

ಆಗ ಜೇಬತ್ತೆ ಎರಡೂ ಕೈಗಳನ್ನು ಹೊರತೆಗೆದರು. ಬೆರಳ ತುದಿಗಳಲ್ಲಿ ಜೇಬಿನ ಅಸ್ತರಿನ ನೂಲೆಳೆ ಅಂಟಿಕೊಂಡಿತ್ತು.

"ನೀನು ಹೇಳು ಪುಟ್ಟಿ, ನಾನು ಇಡ್ತೀನಿ."

ಹುಡುಗಿಯ ಬಾಯಿ ಬಿಚ್ಚಿತು ನೋಡಿ! "ಕೆಂಪು ಮೇಲೆ ಬರ್ಲಿ ಅತ್ತೆ. ತಿರುಗಿಸಿ. ಇನ್ನೊಂದು ಸಲ. ಹಾಂ, ನಿಧಾನ, ಅವಸರ ಮಾಡ್ಬೇಡಿ." ಅಪ್ಪನ ಗೊಣಗಾಟದ ಧಾಟಿಯೇ. ಒಂದು ಕಾರ್ಡು ಮುಗಿಯಿತು, ಎರಡು, ಐದು. ಆರನೆಯದರಲ್ಲಿ ಅರ್ಧ ಕೆಂಪು ಅರ್ಧ ಬಿಳಿಯ ಬ್ಲಾಕೊಂದನ್ನು ಜೇಬತ್ತೆ ಓರೆಯಾಗಿ ಇಟ್ಟರು. ಹುಡುಗಿ ತಿದ್ದಿದಳು, ಅವರು ಮತ್ತೆ ತಪ್ಪಿದರು. ಮೂರನೆಯ ಸಲ ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ, ಹಾಗಲ್ಲ!" ಎನ್ನುತ್ತ ಬೆನ್ನ ಹಿಂದಿನಿಂದ ಒಂದು ಪುಟ್ಟ ಕೈ ಬಂದು, ಬ್ಲಾಕನ್ನು ಎರಡೇ ಬೆರಳಲ್ಲಿ ಚಿಮುಟದಂತೆ ಎತ್ತಿ, ತಿರುವಿ, ಇಟ್ಟಿತು. ಆಮೇಲೆ ಆ ಕೈ ಹಿಂದೆ ಹೋಗಲಿಲ್ಲ. ಬಾಗಿಲಲ್ಲಿದ್ದ ಅಪ್ಪ ಕಣ್ಣೊರೆಸಿಕೊಂಡ.

ಬೇಕೆಂದೇ ತಪ್ಪಿಟ್ಟಿರಾ ಎಂದು ಸಂಜೆ ಕೇಳಿದೆ. "ಇಲ್ಲ ಕಣ್ರೀ, ನಂಗೆ ನಿಜವಾಗ್ಲೂ ಬರ್ಲಿಲ್ಲ. ಇಪ್ಪತ್ತು ವರ್ಷದಿಂದ ಬೇರೆಯವ್ರು ಜೋಡಿಸೋದನ್ನ ನೋಡಿದ್ದೀನಿ ಅಷ್ಟೆ," ಎಂದು ಮನಸಾರೆ ನಕ್ಕರು.

ನಮ್ಮ ಮೇಲಧಿಕಾರಿ ನಗಲಿಲ್ಲ. "ನಿಯಮ ಮುರಿದಿದ್ದೀರಿ. ಇದು ಊರ್ಜಿತವಾಗಲ್ಲ," ಎಂದು ಗುಡುಗಿದರು. "ಮುರಿದಿದ್ದೀನಿ ಸರ್, ಅದನ್ನೂ ಬರೆದಿದ್ದೀನಿ. ಅದು ಊರ್ಜಿತ ಆಗದಿದ್ರೆ ಬುಧವಾರದ್ದೂ ಆಗಲ್ಲ," ಎಂದರು ಜೇಬತ್ತೆ. ಹಳೆಯ ವರದಿಗೆ ಅಡ್ಡಗೆರೆ ಎಳೆದು, ಕೆಳಗೆ ಸ್ವಹಸ್ತದಿಂದ "ತಪ್ಪು ಮಗುವಿನದಲ್ಲ, ಪರೀಕ್ಷಕಿಯದು" ಎಂದು ಬರೆದು ಸಹಿ ಹಾಕಿದ್ದರು. ವಾದ ಮೂರು ದಿನ ನಡೆಯಿತು. ಹುಡುಗಿ ಮುಂದಿನ ಕಟ್ಟಡದ ಮೊದಲ ತರಗತಿಗೇ ಸೇರಿದಳು.

ಪೆನ್ಸಿಲಿನ ಅಂಕೆ ಅಂದಿಗೆ ನಿಂತಿತು. ಮನೆಯ ವಿವರಗಳ ಹಾಳೆಗೆ ಮಾತ್ರ ಒಂದು ಪ್ರಶ್ನೆ ಸೇರಿತು, ನಾನೇ ಟೈಪ್ ಮಾಡಿದೆ: ಏನನ್ನು ಮಾಡಬಾರದೆಂದು ನಿಮ್ಮ ಮಗುವಿಗೆ ಕಲಿಸಿದ್ದೀರಿ? ಜೇಬತ್ತೆ ಮಾತ್ರ ಕೋಟನ್ನೂ ಬಿಡಲಿಲ್ಲ, ಜೇಬನ್ನೂ ಬಿಡಲಿಲ್ಲ. ಮನೆ ಮಗುವನ್ನು ರೂಪಿಸುತ್ತದೆಂಬ ಮಾತನ್ನೂ ಬಿಡಲಿಲ್ಲ. ರೂಪಿಸುವುದು ಮನೆಯೇ, ಅದರ ವಿವರಗಳ ಹಾಳೆಯಲ್ಲ ಎಂದಷ್ಟೇ ತಿದ್ದಿಕೊಂಡರು.

ಮಕ್ಕಳನ್ನು ಅಳೆಯುವ ಮಂದಿ ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಿಷ್ಠೆಯಲ್ಲಿ, ನಿಯಮಪಾಲನೆಯಲ್ಲಿ ಅವರಲ್ಲಿ ಹಲವರು ಜೇಬತ್ತೆಯನ್ನು ಮೀರಿಸಿಯಾರು. ಆದರೆ ಎದುರಿಗಿರುವ ಮಗುವಿನ ಕೈ ಹೊರಬರಬೇಕಾದರೆ ಮೊದಲು ತಮ್ಮ ಕೈ ಹೊರಬರಬೇಕೆಂದು ತಿಳಿದವರು, ತಿಳಿದು ಆರು ವರ್ಷದ ಹುಡುಗಿಯೆದುರು ತಪ್ಪುವ ಧೈರ್ಯವುಳ್ಳವರು ಕಡಿಮೆ. ಅಂಥವರ ಮುಂದೆ ಕುಳಿತ ಮಗು ಪುಣ್ಯ ಮಾಡಿತ್ತು.