ಸಣ್ಣಪ್ಪನ ಎಡೆಗೆ ಒಂದು ಏಡಿ

ನಮ್ಮ ಕೇರಿಯ ಹಿಂದೆ ಹರಿಯುವ ಹಳ್ಳಕ್ಕೆ ಕೇದಿಗೆಹಳ್ಳ ಎಂದು ಹೆಸರು. ಈಗಿನ ಮಕ್ಕಳನ್ನು ಕೇಳಿ ನೋಡಿ, ಮೋರಿ ಅನ್ನುತ್ತಾರೆ. ಮಕ್ಕಳದ್ದೇನು ತಪ್ಪು? ಹುಟ್ಟಿದಾಗಿನಿಂದ ಅವರು ಕಂಡದ್ದು ಅದನ್ನೇ.

ನಾನು ನಿರ್ಮಲಮ್ಮ, ಶಿಕಾರಿಪುರದ ಆಶಾ ಕಾರ್ಯಕರ್ತೆ. ಈ ಕೇರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಆಗ ಹಳ್ಳದ ದಂಡೆಯ ಉದ್ದಕ್ಕೂ ಕೇದಿಗೆ ಮೆಳೆ, ಹೊಂಗೆ ಮರ, ಕಾಲಿಟ್ಟಲ್ಲೆಲ್ಲ ಒಂದೆಲಗ. ಕಲ್ಲು ಎತ್ತಿದರೆ ಏಡಿ. ಕೆರೆಯ ಕೋಡಿಯಿಂದ ಹೊರಟ ನೀರು ಸಂತೆ ಮೈದಾನದ ಹಿಂದೆ ಬಳಸಿ, ನಮ್ಮ ಕೇರಿ ದಾಟಿ, ರಸ್ತೆಯಡಿಯ ದೊಡ್ಡ ಪೈಪಿನಲ್ಲಿ ನುಸುಳಿ ಗದ್ದೆಬಯಲಿಗೆ ಇಳಿಯುತ್ತಿತ್ತು. ದಾರಿ ಈಗಲೂ ಅದೇ, ನೀರು ಮಾತ್ರ ಅದಲ್ಲ.

ನಮ್ಮ ಕೇರಿಯಲ್ಲಿ ವೀರಬಸಪ್ಪ ಅಂತ ಒಬ್ಬ ಅಡಿಕೆ ವ್ಯಾಪಾರಿ ಇದ್ದಾರೆ. ತಮ್ಮ ತೋಟದ್ದಲ್ಲದೆ ಕಂಡವರ ತೋಟದ ಫಸಲನ್ನೂ ಹಿಡಿದು ತಮ್ಮ ಕಣದಲ್ಲೇ ಸುಲಿಸುತ್ತಾರೆ. ಸುಲಿದ ಸಿಪ್ಪೆಯೆಲ್ಲ ಟ್ರ್ಯಾಕ್ಟರಿನಲ್ಲಿ ಹಳ್ಳಕ್ಕೆ. ಹೋದ ವರ್ಷ ಒಂದು ಮಾತು ಹೇಳಿಯೇ ಬಿಟ್ಟೆ.

"ಸಾವ್ಕಾರ್ರೇ, ಸಿಪ್ಪೆ ಹಳ್ಳಕ್ಕೆ ಹಾಕಬ್ಯಾಡ್ರಿ. ನೀರು ಕಪ್ಪಾಗೈತಿ, ಮೀನು ಸಾಯ್ತಾವೆ."

"ಸಿಪ್ಪೆ ಏನು ವಿಷ ಏನ್ರೀ ನಿರ್ಮಲಮ್ಮ? ಗಿಡದ್ದು, ಗಿಡದಾಗೇ ಬೆಳೆದದ್ದು. ಮಳೆ ಬಂದ್ರೆ ತಾನೇ ಕೊಚ್ಚಿಕೊಂಡು ಹೋಗ್ತತಿ ಬಿಡ್ರಿ."

ನಾನೂ ಬಿಟ್ಟೆ. ಅವರೊಬ್ಬರನ್ನೇ ಬೈದು ಏನು ಬಂತು? ನಾವೂ ಸಾಚಾಗಳಲ್ಲ. ನಮ್ಮ ಬಚ್ಚಲ ಪೈಪು ಹಳ್ಳಕ್ಕೆ, ಹಬ್ಬದಲ್ಲಿ ಉಂಡ ಎಲೆ ಹಳ್ಳಕ್ಕೆ, ಹರಿದ ಹಾಸಿಗೆಯೂ ಹಳ್ಳಕ್ಕೇ.

ಆಷಾಢದಲ್ಲಿ ಮಳೆ ಹಿಡಿಯಿತು. ಸಿಪ್ಪೆ ಕೊಚ್ಚಿಕೊಂಡು ಹೋಯಿತು ನಿಜ, ಆದರೆ ರಸ್ತೆಯಡಿಯ ಪೈಪಿನವರೆಗೆ ಮಾತ್ರ. ಅಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ನೀರೆಲ್ಲ ಕೇರಿಗೆ ತಿರುಗಿತು. ವೀರಬಸಪ್ಪನವರ ಕಣದಲ್ಲಿ ಇಪ್ಪತ್ತು ವರ್ಷ ಸಿಪ್ಪೆ ಹೊತ್ತ ಸಣ್ಣಪ್ಪಣ್ಣ ಯಾರೂ ಕರೆಯದೆ ಗುದ್ದಲಿ ಹಿಡಿದು ಎದೆಮಟ್ಟದ ನೀರಿಗೆ ಇಳಿದ. ಬರಿಗಾಲು. ಆತನ ಹಿಮ್ಮಡಿಯ ಸೀಳು ಎಂಥವು ಅಂತ ಕೇರಿಗೇ ಗೊತ್ತು.

ನಾನು ದಂಡೆಯ ಮೇಲೆ ನಿಂತಿದ್ದೆ. ಇಲಿ ಜ್ವರದ ಕರಪತ್ರಗಳು ನನ್ನ ಚೀಲದಲ್ಲಿದ್ದವು, ಹಂಚುವುದಕ್ಕೆಂದು ಕೊಟ್ಟವು. ಇಲಿ ಉಚ್ಚೆ ಬೆರೆತ ಕೊಳಕು ನೀರು ಗಾಯಕ್ಕೆ ತಾಗಿದರೆ ಆ ಜ್ವರ ಬರುತ್ತದೆ ಅಂತ ಬಾಯಿಪಾಠ ಬರುತ್ತಿತ್ತು ನನಗೆ. ಆದರೆ ನಮ್ಮ ಮನೆಯ ಹೊಸ್ತಿಲಿಗೆ ನೀರು ಮುಟ್ಟಿತ್ತು. ನಾನು ಕೂಗಿದ್ದು ಇಷ್ಟೇ: "ಬೇಗ ಬೇಗ ತೆಗಿ ಅಣ್ಣಾ!"

ಆತ ನಕ್ಕು, "ಆಯ್ತು ತಂಗಿ, ಇನ್ನೊಂದು ಗಳಿಗೆ" ಅಂದ.

ಎಂಟನೇ ದಿನ ಆತನಿಗೆ ಜ್ವರ ಬಂತು. ಮೈಕೈ ನೋವು, ಮಳೆಯಲ್ಲಿ ನೆನೆದದ್ದಕ್ಕೇ ಅಂದುಕೊಂಡರು. ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿಸಿದರು. ಜ್ವರ ಬಂದ ನಾಲ್ಕನೇ ದಿನ ಕಣ್ಣು ಹಳದಿಯಾಯಿತು, ಉಚ್ಚೆ ಕಟ್ಟಿತು. ಶಿವಮೊಗ್ಗಕ್ಕೆ ಒಯ್ದೆವು. "ನೀರಿಗೆ ಇಳಿದಿದ್ರಾ? ಮೊದಲ ದಿನಾನೇ ಕರ್ಕೊಂಡು ಬಂದಿದ್ರೆ ಔಷಧಿ ಇತ್ತಲ್ಲಮ್ಮ" ಅಂದರು ಡಾಕ್ಟರು. ಆತನ ಹೆಂಡತಿ ಗುಡ್ಡಮ್ಮ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ.

ಸಣ್ಣಪ್ಪಣ್ಣ ಉಳಿಯಲಿಲ್ಲ. ವೀರಬಸಪ್ಪನವರು ಮಣ್ಣಿಗೆ ಬಂದರು, ಅತ್ತರು, "ಅವನ ಆಯಸ್ಸು ಅಷ್ಟೇ ಇತ್ತು" ಅಂದರು. ಆಶ್ವಿನ ಬರುವ ಹೊತ್ತಿಗೆ ಸಿಪ್ಪೆ ಮತ್ತೆ ಹಳ್ಳಕ್ಕೆ ಬೀಳುತ್ತಿತ್ತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಸಣ್ಣಪ್ಪಣ್ಣನ ಮಗ ಮಾಲತೇಶ. ಹೊಟ್ಟೆಪಾಡು, ಏನು ಮಾಡುತ್ತಾನೆ?

ಈ ವರ್ಷ ಹಿರಿಯರಿಗೆ ಎಡೆ ಇಡುವ ಪಿತೃಪಕ್ಷ ಬಂತು. ವರ್ಷ ತುಂಬಿದ ಮೇಲೆ ಸಣ್ಣಪ್ಪಣ್ಣನಿಗೆ ಇಡುವ ಮೊದಲ ಎಡೆ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಎಡೆಗೆ ಇಡಬೇಕಲ್ಲ? ಆತನಿಗೆ ಇಷ್ಟವಾದದ್ದು ಈ ಹಳ್ಳದ ಏಡಿಯ ಸಾರು. ಬೆಳಿಗ್ಗೆಯೇ ಗುಡ್ಡಮ್ಮ ಕೈಯಲ್ಲಿ ತಂಬಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಬಾ ನಿರ್ಮಲಮ್ಮ, ನನ್ನ ಕಣ್ಣು ಮಂಜು. ಒಂದು ಏಡಿ ಸಿಕ್ರೆ ಸಾಕು."

ಪೈಪಿನ ಹತ್ತಿರ ಶುರು ಮಾಡಿ ನೀರಿಗೆ ಎದುರಾಗಿ ನಡೆದೆವು. ಏಡಿ ಬಿಲಗಳ ಬಾಯಿಗೆಲ್ಲ ಸಿಪ್ಪೆ ಮೆತ್ತಿತ್ತು. ನಮ್ಮ ಕೇರಿಯ ಹಿಂದೆ ಬಚ್ಚಲ ನೊರೆ. ಸಂತೆ ಮೈದಾನದ ಹಿಂದೆ ಕೊಳೆತ ತರಕಾರಿ, ಪ್ಲಾಸ್ಟಿಕ್ಕು, ಹಂದಿಗಳು. ಗುಡ್ಡಮ್ಮ ದಂಡೆಯಿಂದಲೇ ಬಗ್ಗಿ ಒಂದೊಂದು ಕಲ್ಲನ್ನೂ ಎತ್ತಿ ನೋಡಿ, ಮತ್ತೆ ಹಾಗೆಯೇ ಇಡುತ್ತಿದ್ದಳು. ಕೋಡಿಯ ಬುಡದಲ್ಲಿ ನೀರು ಸ್ವಲ್ಪ ತಿಳಿಯಾಗಿತ್ತು. ಬೆರಳೆಣಿಕೆಯ ಮೀನಮರಿ, ಒಂದು ಹಿಡಿ ಒಂದೆಲಗ. ಏಡಿ ಅಲ್ಲೂ ಇಲ್ಲ.

ಒಂದೆಲಗ ಕಿತ್ತು ಸೆರಗಿಗೆ ಕಟ್ಟಿಕೊಂಡು ವಾಪಸು ಬರುವಾಗ, ಕೇದಿಗೆ ಗುಂಡಿ ಅನ್ನುವ ಆಳದ ಮಡುವಿನ ಹತ್ತಿರ ಗುಡ್ಡಮ್ಮ ಸೀರೆ ಎತ್ತಿ ಕಟ್ಟಿದಳು.

"ಅಕ್ಕಾ, ಇಳೀಬ್ಯಾಡ! ಕಾಲು ನೋಡ್ಕೋ, ಬಿರುಕು ಬಿಟ್ಟೈತಿ!"

"ಇಲ್ಲೇ ಹಿಡೀತಿದ್ರು ಅವ್ರು. ಇದೊಂದು ನೋಡಿಬಿಡ್ತೀನಿ" ಅನ್ನುತ್ತಾ ಇಳಿದೇಬಿಟ್ಟಳು.

ಅಷ್ಟರಲ್ಲಿ ಸಿಪ್ಪೆ ತುಂಬಿದ ಟ್ರ್ಯಾಕ್ಟರ್ ಬಂತು. ಹಿಂದೆಯೇ ಬೈಕಿನಲ್ಲಿ ವೀರಬಸಪ್ಪ. ಮಾಲತೇಶ ಅವ್ವನನ್ನು ನೋಡಿದವನೇ ಇಂಜಿನ್ ನಿಲ್ಲಿಸಿ, ಚಪ್ಪಲಿ ಸಮೇತ ಧುಮುಕಿ, ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ದಂಡೆಗೆ ಬಂದ. ಅಳುತ್ತಿದ್ದ.

"ಏನ್ ಹುಡುಕ್ತಿದ್ದೆ ಗುಡ್ಡಮ್ಮ?" ವೀರಬಸಪ್ಪ ಕೇಳಿದರು.

"ಏಡಿ ಸಾವ್ಕಾರ್ರೇ. ಅವ್ರ ಎಡೆಗೆ."

"ಅಯ್ಯ, ಸಂತೆಯಿಂದ ತರಿಸ್ತಿದ್ನಲ್ಲ!"

"ಸಂತೆ ಏಡಿ ನಂಗ್ಯಾಕೆ? ಅವ್ರು ಉಂಡಿದ್ದು ಈ ಹಳ್ಳದ್ದು. ಅವ್ರು ಸತ್ತಿದ್ದೂ ಈ ಹಳ್ಳದಿಂದ್ಲೇ."

ಮಾಲತೇಶ ಕೀಲಿಕೈ ತೆಗೆದು ಬೈಕಿನ ಸೀಟಿನ ಮೇಲಿಟ್ಟ. "ಸಾವ್ಕಾರ್ರೇ, ಇದನ್ನ ನೀವೇ ಸುರೀರಿ. ನನ್ನ ಕೈಲಿ ಆಗಲ್ಲ."

ವೀರಬಸಪ್ಪ ರೇಗಿದರು. "ಮತ್ತೆಲ್ಲಿ ಹಾಕ್ಲಿ ನಾನು? ತಲೆ ಮ್ಯಾಲೆ ಹೊತ್ಕೊಳ್ಲಾ?"

"ಎಲ್ಲಿಂದ ಬಂತೋ ಅಲ್ಲಿಗೇ ಕಳಸ್ರಿ" ಅಂದೆ ನಾನು. "ಗುಂಡಿ ತೋಡಿ ಒಂದು ಪದರ ಸಿಪ್ಪೆ, ಒಂದು ಪದರ ಸಗಣಿ ಗಂಜಳ ಹಾಕಿದ್ರೆ ವರ್ಷದಾಗೆ ಗೊಬ್ಬರ ಆಗ್ತತಿ. ನೀವೇ ಅಂದ್ರಲ್ಲ ಗಿಡದ್ದು ಅಂತ? ಗಿಡಕ್ಕೇ ಹೋಗಲಿ. ಹೋದ ವರ್ಷ ಇದನ್ನ ಗಟ್ಟಿಯಾಗಿ ಹೇಳಬೇಕಿತ್ತು ನಾನು. ಹೇಳಲಿಲ್ಲ. ಅಣ್ಣ ನೀರಾಗೆ ನಿಂತಾಗ ಜ್ವರದ ಮಾತೂ ಹೇಳಲಿಲ್ಲ."

ವೀರಬಸಪ್ಪ ಆ ಕಪ್ಪು ಗುಂಡಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಅಂದರು: "ಸಣ್ಣಪ್ಪ ನಂಗೆ ಈಜು ಕಲಿಸಿದ್ದು ಇದೇ ಗುಂಡ್ಯಾಗೆ. ಮುಳುಗಿದಾಗ ಜುಟ್ಟು ಹಿಡಿದು ಎಳೆದಿದ್ದ." ಕೀಲಿಕೈಯನ್ನು ಮಾಲತೇಶನ ಕೈಗೆ ಕೊಟ್ಟರು. "ತಿರುಗಿಸಪ್ಪ. ತೋಟಕ್ಕೆ ಹೊಡಿ."

ಆವತ್ತು ಎಡೆಗೆ ಅನ್ನ, ಒಂದೆಲಗದ ಚಟ್ನಿ, ಪಾಯಸ ಎಲ್ಲ ಇಟ್ಟರು. ಎಲೆಯ ಒಂದು ಮೂಲೆಯನ್ನು ಗುಡ್ಡಮ್ಮ ಖಾಲಿ ಬಿಟ್ಟಳು. ವೀರಬಸಪ್ಪ ಆ ಮೂಲೆಯನ್ನು ನೋಡಿ, ಕೈಮುಗಿದು ಹೋದರು. ಮರುದಿನ ಅವರ ಆಳುಗಳು ಪೈಪಿನ ಬಾಯಿಯ ಸಿಪ್ಪೆ ತೆಗೆಯುತ್ತಿದ್ದರು, ಎಲ್ಲರ ಕಾಲಿಗೂ ಮೊಣಕಾಲುದ್ದದ ರಬ್ಬರ್ ಬೂಟು ಇತ್ತು. ನಾವು ಸ್ವಸಹಾಯ ಸಂಘದ ಹೆಂಗಸರು ಬಚ್ಚಲ ನೀರಿಗೆ ಹಿತ್ತಲಲ್ಲಿ ಇಂಗುಗುಂಡಿ ತೋಡುತ್ತಿದ್ದೇವೆ. ಹಳ್ಳ ಇನ್ನೂ ಕಪ್ಪಾಗಿಯೇ ಇದೆ. ಸಣ್ಣಪ್ಪಣ್ಣ ಅಂತೂ ಬರುವುದಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಲ್ಲೂ ಹೆಸರು ಕಳೆದುಕೊಂಡ ಒಂದು ಹಳ್ಳ ಇದ್ದೇ ಇರುತ್ತದೆ. ಸಿಪ್ಪೆ, ಕಸ, ಬಚ್ಚಲ ನೀರು ಅದಕ್ಕೆ ಬಿಡಬೇಡಿ. ಕಾಲಲ್ಲಿ ಗಾಯವಿದ್ದರೆ ಕೊಳಕು ನೀರಿಗೆ ಇಳಿಯಬೇಡಿ. ಇಳಿದವರಿಗೆ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕೂರಬೇಡಿ, ಮೊದಲ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ನೀರಿಗೆ ಇಳಿದಿದ್ದೆ ಎಂದು ಬಾಯಿಬಿಟ್ಟು ಹೇಳಿ.

ಈ ಹಾಳೆಯನ್ನು ಓದಿ ಮಡಿಸಿ ಇಡಬೇಡಿ, ಪಕ್ಕದ ಮನೆಯಲ್ಲೂ ಓದಿ ಹೇಳಿ. ನಾನು ಆ ಕರಪತ್ರಗಳನ್ನು ಮಡಿಸಿ ಚೀಲದಲ್ಲೇ ಇಟ್ಟುಕೊಂಡಿದ್ದೆ.