ಎರಡು ಗೇಣು ವೈರು

ಹಾವಗೆಪ್ಪನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಚಾವಿಯಿಂದ. ಅದೇನು ಬಂಗಾರದ ಪೆಟ್ಟಿಗೆಯ ಚಾವಿಯಲ್ಲ. ಬೀದರದ ಯಾವ ಕರೆಂಟ್ ಸಾಮಾನಿನ ಅಂಗಡಿಗೆ ಹೋದರೂ ಸಿಗುವ, ಮೂರು ಮೂಲೆಯ ತೂತಿನ, ಹೆಬ್ಬೆರಳುದ್ದದ ಚಾವಿ. ಆದರೆ ಅದು ಕೇತಕಿಯ ಕೊರಳಲ್ಲಿ, ನೀಲಿ ಪಟ್ಟಿಗೆ, ಅವಳ ಫೋಟೋ ಇದ್ದ ಕಾರ್ಡಿನ ಜೊತೆ ತೂಗಾಡುತ್ತಿತ್ತು. ಇವನ ಕೊರಳಲ್ಲಿ ಇರಲಿಲ್ಲ. ಐವತ್ತು ದಾಟಿದ ಗಂಡಸಿಗೆ ಅಷ್ಟೇ ಸಾಕಾಯಿತು.

ಗುರುನಾಥ ಸಾವಕಾರರು ಭಾಲ್ಕಿಯಲ್ಲಿ ಪೆಟ್ರೋಲ್ ಪಂಪು ತೆರೆದ ದಿನದಿಂದ ಹಾವಗೆಪ್ಪ ಅವರಲ್ಲಿ ಕೆಲಸಕ್ಕಿದ್ದ. ಇಪ್ಪತ್ತೆರಡು ವರ್ಷ. ಎರಡು ವರ್ಷದ ಹಿಂದೆ ಸಾವಕಾರರು ಹೊಸದೊಂದು ಪಂಪು ತಂದರು. ಟ್ರೇಲರಿನ ಮೇಲೆ ಹೇರಿಕೊಂಡು ಹೋಗಿ ಎಲ್ಲಿ ಬೇಕಾದರೂ ಇಳಿಸಬಹುದಾದ ಡೀಸೆಲ್ ಪಂಪು ಅದು. ಉದ್ದನೆಯ ಕಬ್ಬಿಣದ ಡಬ್ಬಿ, ಒಳಗೆ ಎಣ್ಣೆ ತುಂಬುವ ಟಾಕಿ, ಮುಂದುಗಡೆ ಡೀಸೆಲ್ ಹಾಕುವ ಯಂತ್ರ, ಪಕ್ಕದಲ್ಲಿ ಪ್ಯಾನೆಲ್ ಅನ್ನುವ ಕರೆಂಟಿನ ಪೆಟ್ಟಿಗೆ. ಜನ ಅದನ್ನು ಡಬ್ಬಿ ಪಂಪು ಎಂದೇ ಕರೆದರು. ಮೊದಲು ಔರಾದ ಬಜಾರದ ಹೊರಗೆ ನಿಂತಿತ್ತು. ಈಗ ಸೋಯಾಬೀನ್ ರಾಶಿಯ ಕಾಲಕ್ಕೆ ಠಾಣಾ ಕುಶನೂರ ಕ್ರಾಸಿಗೆ ಬಂದಿತ್ತು. ಬೆಳಗಿನ ಪಾಳಿ ಹಾವಗೆಪ್ಪನದು, ಮಧ್ಯಾಹ್ನದ್ದು ಕೇತಕಿಯದು.

ಕೇತಕಿ ನೌಬಾದಿನ ಹುಡುಗಿ, ಇಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ವರ್ಷದ ಹಿಂದೆ ಕೆಲಸಕ್ಕೆ ಬಂದಾಗ ಅವಳಿಗೆ ಎಲ್ಲ ಕಲಿಸಿದವನು ಹಾವಗೆಪ್ಪನೇ. ಮೊದಲ ದಿನ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, ತನ್ನ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತು, ಬಲಗೈಯಿಂದ ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ತೋರಿಸಿದ್ದ.

“ಇದು ನಮಗ ಅನ್ನ ಕೊಡೋದು ಯವ್ವಾ. ಕಾಲಾಗ ಮೆಟ್ಟು ಬಿಟ್ಟು, ಮುಟ್ಟಿ ಶರಣು ಮಾಡಿನೇ ಪಾಳಿ ಶುರು ಮಾಡಬೇಕು.”

“ಹೂಂ ಕಾಕಾ,” ಅಂದಿದ್ದಳು. ಅಂದದ್ದಷ್ಟೇ ಅಲ್ಲ, ಅಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಆಗ ಹಾವಗೆಪ್ಪನ ಎದೆ ಉಬ್ಬಿತ್ತು. ಭಾಲ್ಕಿಗೆ ಹೋದವನೇ ಹೆಂಡತಿಯ ಮುಂದೆ ಹುಡುಗಿಯನ್ನು ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಬೀದರದಲ್ಲಿ ಪ್ಯಾನೆಲಿನ ಬಗ್ಗೆ ಮೂರು ದಿನದ ತರಬೇತಿ ನಡೆಯಿತು. ಸಾವಕಾರರು ಕೇತಕಿಯನ್ನು ಕಳಿಸಿದರು. ಅವಳು ವಾಪಸು ಬಂದದ್ದು ರಬ್ಬರಿನ ಬೂಟು, ಕೈಗವಸು, ಒಂದು ಕೆಂಪು ಕೀಲಿ ಮತ್ತು ಪ್ಯಾನೆಲ್ ತೆರೆಯುವ ಆ ಮೂರು ಮೂಲೆಯ ಚಾವಿಯ ಸಮೇತ.

“ಕಾಕಾ, ಪ್ಯಾನೆಲಿನಾಗ ಕೈ ಹಾಕೋರು ಮೊದಲ ಕಂಬದ ಮ್ಯಾಲಿನ ಮೇನ್ ಸ್ವಿಚ್ ಇಳಸಬೇಕಂತರಿ. ಅದಕ್ಕ ಈ ಕೆಂಪು ಕೀಲಿ ಜಡೀಬೇಕು. ಯಾರ ಕೈ ಒಳಗದನೋ, ಕೀಲಿಯ ಚಾವಿ ಅವರ ಜೇಬಿನಾಗೇ ಇರಬೇಕು. ಬ್ಯಾರೆಯವರು ಮೇನ್ ಎತ್ತಿಬಿಟ್ರ ಜೀವಾನೇ ಹೋಗ್ತದಲ್ರಿ.”

ಒಳ್ಳೆಯ ಮಾತೇ. ಆದರೆ ಸಾವಕಾರರು ಫೋನಿನಲ್ಲಿ ಹೇಳಿದ ಮಾತು ಹಾವಗೆಪ್ಪನ ಕಿವಿಯಲ್ಲಿ ಕುದಿಯುವ ಎಣ್ಣೆಯಂತೆ ಇಳಿಯಿತು. “ಹಾವಗೆಪ್ಪಾ, ಪ್ಯಾನೆಲಿನ ತಂಟೆಗೆ ನೀ ಹೋಗಬ್ಯಾಡ. ಕೇತಕಿ ಮೇಡಂ ಹೇಳಿದ್ಹಂಗ ಕೇಳು.”

ಮೇಡಂ! ಇಪ್ಪತ್ತೆರಡು ವರ್ಷ ಬೆವರು ಹರಿಸಿದವನು ಇನ್ನೂ ‘ನೀ’. ನಿನ್ನೆ ಬಂದವಳು ಮೇಡಂ. ಅಂದಿನಿಂದ ಅವಳು ನಕ್ಕರೆ ತನ್ನನ್ನು ನೋಡಿಯೇ ನಕ್ಕಳು ಅನ್ನಿಸತೊಡಗಿತು. ಬೂಟು ತೊಟ್ಟರೆ ಠೀವಿ, ಕೈಗವಸು ಹಾಕಿದರೆ ಬಡಿವಾರ. ಅವಳು ರೊಟ್ಟಿಯ ಡಬ್ಬಿ ಬಿಚ್ಚಿ, “ತಗೋರಿ ಕಾಕಾ,” ಅಂದರೂ, ನನ್ನ ಬಾಯಿ ಮುಚ್ಚಿಸಲು ಕೊಡುತ್ತಿದ್ದಾಳೆ ಅಂದುಕೊಂಡು ಮೂಗು ಮುರಿದ.

ಕುಶನೂರ ಕ್ರಾಸಿಗೆ ಬಂದ ಮೇಲೆ ಪಂಪು ಪದೇ ಪದೇ ಬಂದ್ ಬೀಳತೊಡಗಿತು. ಪ್ಯಾನೆಲಿನಲ್ಲಿ ಬ್ರೇಕರ್ ಅನ್ನುವ ಒಂದು ಗುಂಡಿ ಇದೆ. ಕರೆಂಟು ಎಲ್ಲಾದರೂ ಸೋರಿ ಯಂತ್ರದ ಕಬ್ಬಿಣಕ್ಕೆ ಇಳಿದರೆ ಅದು ತಾನಾಗಿ ಬಿದ್ದು ಎಲ್ಲ ಬಂದ್ ಮಾಡುತ್ತದೆ. ಮುಟ್ಟಿದವರ ಜೀವ ಉಳಿಸಲೆಂದೇ ಇಟ್ಟದ್ದು. ಇಲ್ಲಿ ಡಬ್ಬಿ ಇಳಿಸುವಾಗ ಎಲ್ಲೋ ಒಂದು ಕೇಬಲಿನ ಸಿಪ್ಪೆ ಸುಲಿದಿತ್ತು. ನೆಲದಲ್ಲಿ ಎರಡು ಅಡಿಗೇ ಕಲ್ಲು ಹತ್ತಿದ್ದರಿಂದ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಸಲಾಕೆಯೂ ಆಳಕ್ಕೆ ಇಳಿದಿರಲಿಲ್ಲ. ಮೇಲೆ ಹಿಂಗಾರಿನ ಮಳೆ. ಕೇತಕಿ ಮೂರು ಸಲ ರಜಿಸ್ಟರಿನಲ್ಲಿ ಬರೆದಳು, ಕೇಬಲ್ ಬದಲಾಯಿಸಬೇಕು, ಅರ್ಥಿಂಗ್ ಹೊಸದಾಗಿ ಹಾಕಬೇಕು ಎಂದು. ರಾಶಿ ಮುಗಿಯಲಿ ನೋಡೋಣ ಎಂದರು ಸಾವಕಾರರು.

ಒಂದು ಬೆಳಿಗ್ಗೆ ಹಾವಗೆಪ್ಪನ ಪಾಳಿಯಲ್ಲೇ ಗುಂಡಿ ಬಿತ್ತು. ಟ್ರ್ಯಾಕ್ಟರುಗಳ ಸಾಲು ನಿಂತಿತು. ಯಾರೋ ಒಬ್ಬ ಡ್ರೈವರ್, “ಕಾಕಾ, ನಿಮ್ಮಿಂದ ಆಗಂಗಿಲ್ಲ ಬಿಡ್ರಿ. ಮೇಡಂಗ ಫೋನ್ ಹಚ್ಚರಿ,” ಅಂದ. ಉಳಿದವರು ಹೋ ಎಂದು ನಕ್ಕರು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮರುದಿನ ರಜೆ. ಹಾವಗೆಪ್ಪ ಬೀದರಕ್ಕೆ ಹೋಗಿ ಅಂಥದೇ ಒಂದು ಚಾವಿ ಕೊಂಡ. ಜೊತೆಗೆ ಗೇಣುದ್ದದ ಎರಡು ವೈರು, ಒಂದು ಕೆಂಪು, ಒಂದು ಕಪ್ಪು. ಅಂದಿನಿಂದ ಬೆಳಗಿನ ಪಾಳಿಗೆ ಬಂದವನೇ ಮೇನ್ ಇಳಿಸುತ್ತಿದ್ದ, ಪ್ಯಾನೆಲ್ ತೆರೆದು ಕರೆಂಟು ಆ ಗುಂಡಿಯನ್ನು ತಪ್ಪಿಸಿ ಹೋಗುವಂತೆ ವೈರು ಕಟ್ಟುತ್ತಿದ್ದ. ಪಾಳಿ ಮುಗಿಯುವ ಮುಂಚೆ ಬಿಚ್ಚಿ ಚಾವಿಯ ಜೊತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇವನ ಪಾಳಿಯಲ್ಲಿ ಪಂಪು ಒಮ್ಮೆಯೂ ನಿಲ್ಲಲಿಲ್ಲ. ಅವಳ ಪಾಳಿಯಲ್ಲಿ ದಿನಕ್ಕೆ ಮೂರು ಸಲ ನಿಂತಿತು. ಅದೇ ಡ್ರೈವರುಗಳು ಈಗ ಅವಳಿಗೆ, “ಮೇಡಂ, ಕಾಕಾಗ ಫೋನ್ ಹಚ್ಚರಿ,” ಅನ್ನತೊಡಗಿದರು. ಅದನ್ನು ಕೇಳಿದಾಗ ಹಾವಗೆಪ್ಪನಿಗಾದ ಖುಷಿ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಅಪಾಯ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ಪರ ಯಾರೂ ವಕಾಲತ್ತು ಹಾಕುವುದು ಬೇಡ. ವೈರು ಕಟ್ಟಿದ ಮೊದಲ ದಿನದಿಂದಲೇ ಅವನು ಚಪ್ಪಲಿ ಬಿಟ್ಟು ಯಂತ್ರ ಮುಟ್ಟುವುದನ್ನು ನಿಲ್ಲಿಸಿದ್ದ. ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು ದೂರದಿಂದಲೇ ಕೈ ಮುಗಿಯುತ್ತಿದ್ದ.

ಆ ಶುಕ್ರವಾರ ಬೆಳಿಗ್ಗೆ ಚೆನ್ನಾಗಿ ಮಳೆ ಹೊಡೆದು ನಿಂತಿತ್ತು. ಪಾಳಿ ಮುಗಿಯಲು ಅರ್ಧ ತಾಸು ಇರುವಾಗ ಸಾವಕಾರರ ಫೋನು ಬಂತು.

“ಹಾವಗೆಪ್ಪಾ, ನಿನ್ನ ಕೈಯಾಗ ಏನೋ ಅದ ನೋಡಪಾ. ಆ ಹುಡುಗಿ ಬರೇ ಕೇಬಲ್ ಕೇಬಲ್ ಅಂತ ಬರೀತಾಳ. ಒಂದನೇ ತಾರೀಖಿನಿಂದ ಡಬ್ಬಿ ಪಂಪಿಗೆ ಇನ್‌ಚಾರ್ಜ್ ನೀನೇ. ಚಾವಿನೂ ನಿನ್ನ ಕಡೀನೇ ಇರಲಿ.”

ಹಾವಗೆಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ. ಆ ನೀಲಿ ಪಟ್ಟಿ ತನ್ನ ಕೊರಳಿಗೆ ಬೀಳುವುದನ್ನೂ, ಕೇತಕಿ ತಾನೇ ಬಿಚ್ಚಿ ಕೊಡುವುದನ್ನೂ, ಆಗ ಅವಳ ಮುಖ ಸಪ್ಪಗಾಗುವುದನ್ನೂ ಕಣ್ಣಾರೆ ಕಂಡಂತಾಯಿತು. ಅಷ್ಟರಲ್ಲಿ ಭಾಲ್ಕಿಯ ಬಸ್ಸು ಹೊತ್ತಿಗೆ ಮುಂಚೆಯೇ ಬಂದು ಹಾರ್ನ್ ಬಾರಿಸಿತು. ಕೇತಕಿಯ ಬಸ್ಸು ಇನ್ನೂ ಬಂದಿರಲಿಲ್ಲ. ಇಂಥ ದಿನಗಳಲ್ಲಿ ಆಫೀಸಿನ ಬಾಗಿಲಿಗೆ ಕೀಲಿ ಹಾಕಿ, ಚಾವಿಯನ್ನು ರಸ್ತೆಯಾಚೆಯ ಜಹೀರೋದ್ದೀನನ ಚಹಾ ಅಂಗಡಿಯಲ್ಲಿ ಕೊಟ್ಟು ಹೋಗುವುದು ರೂಢಿ. ಹಾಗೇ ಕೊಟ್ಟು, ಓಡಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು ಇನ್‌ಚಾರ್ಜ್ ಹಾವಗೆಪ್ಪ, ಇನ್‌ಚಾರ್ಜ್ ಹಾವಗೆಪ್ಪ ಅಂತ ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡ.

ಕಂಡಕ್ಟರ್ ಬಂದು ಟಿಕೇಟು ಕೇಳಿದ. ಹಾವಗೆಪ್ಪ ಜೇಬಿಗೆ ಕೈ ಹಾಕಿದ. ನೋಟು ಸಿಕ್ಕಿತು, ಮೂರು ಮೂಲೆಯ ಚಾವಿ ಸಿಕ್ಕಿತು. ವೈರು ಸಿಗಲಿಲ್ಲ. ಇನ್ನೊಂದು ಜೇಬು ನೋಡಿದ, ಅಂಗಿಯ ಜೇಬು ನೋಡಿದ. ಖುಷಿಯ ಭರದಲ್ಲಿ ವೈರು ಬಿಚ್ಚುವುದನ್ನೇ ಮರೆತಿದ್ದ.

ನೆಲ ಹಸಿಯಾಗಿತ್ತು. ಅವಳು ಬರುತ್ತಾಳೆ, ಬೂಟು ಬಿಡುತ್ತಾಳೆ, ಬರಿಗಾಲಲ್ಲಿ ನಿಂತು ಯಂತ್ರಕ್ಕೆ ಬಲಗೈ ಇಡುತ್ತಾಳೆ. ಒಂದು ದಿನವೂ ತಪ್ಪಿಸಿದವಳಲ್ಲ. ಕಲಿಸಿದವನು ತಾನೇ.

ಕೇತಕಿಗೆ ಫೋನು ಹಚ್ಚಿದ. ರಿಂಗ್ ಆಗಿ ಆಗಿ ಕಡಿದು ಹೋಯಿತು. ಪಂಪಿನ ಹತ್ತಿರ ಫೋನು ತರಬಾರದೆಂದು ಬಂದ ಕೂಡಲೇ ಅದನ್ನು ತಗಡಿನ ಪೆಟ್ಟಿಗೆಯಲ್ಲಿಡುವ ಹುಡುಗಿ ಅವಳು. ಆ ನಿಯಮಕ್ಕೂ ಇವನು ಎಷ್ಟೋ ಸಲ ಮೂಗು ಮುರಿದಿದ್ದ. ಜಹೀರೋದ್ದೀನನಿಗೆ ಹಚ್ಚಿದ.

“ಜಹೀರ ಭಾಯ್, ಕೇತಕಿ ಬಂದಾಳೇನು?”

“ಈಗೇ ಬಂದು ಚಾವಿ ಒಯ್ದಳಲ್ರಿ. ನಾಲ್ಕು ಟ್ರ್ಯಾಕ್ಟರ್ ನಿಂತಾವ.”

“ಪಂಪ್ ಮುಟ್ಟಬ್ಯಾಡ ಅಂತ ಹೇಳು. ನಾ ಬರೋ ತನಕ ನಿಲ್ಲು ಅನ್ನು.”

ಜಹೀರೋದ್ದೀನ ಅಲ್ಲಿಂದಲೇ ಕೂಗಿದ್ದು ಕೇಳಿಸಿತು. ಅವಳೇನೋ ಅಂದದ್ದೂ ಕೇಳಿಸಿತು.

“ಯಾಕಂತ ಕೇಳ್ತಾಳ್ರಿ. ಮಂದಿ ಕಾಯ್ಲತ್ತಾರ, ಶರಣು ಮಾಡಿ ಬಂದು ಮಾತಾಡ್ತೇನಿ ಅಂತಾಳ. ಬೂಟ್ ಬಿಡ್ಲತ್ತಾಳ.”

ಇಲ್ಲೊಂದು ಮಾತು ಮುಚ್ಚಿಡದೆ ಹೇಳಬೇಕು. ಆ ಗಳಿಗೆಯಲ್ಲೂ ಹಾವಗೆಪ್ಪನ ಮನಸ್ಸು ಒಂದು ಸುಳ್ಳು ಹುಡುಕಿತು. ಹಾವು ಕಂಡಿದ್ದೆ ಅನ್ನಲೇ? ಡೀಸೆಲ್ ಸೋರುತ್ತಿದೆ ಅನ್ನಲೇ? ಅವಳ ಜೀವವೂ ಉಳಿಯಬೇಕು, ಒಂದನೇ ತಾರೀಖಿನ ಚಾವಿಯೂ ಉಳಿಯಬೇಕು. ಆದರೆ ಹಾವೆಂದರೆ ಅವಳು ಯಂತ್ರದ ಹಿಂದೆ ಬಗ್ಗಿ ನೋಡುತ್ತಾಳೆ. ಸೋರುತ್ತಿದೆ ಎಂದರೆ ಮುಟ್ಟಿ ನೋಡುತ್ತಾಳೆ. ಎಂಥ ಸುಳ್ಳು ಹೇಳಿದರೂ ಅವಳ ಕೈ ಆ ಕಬ್ಬಿಣಕ್ಕೇ ಹೋಗುತ್ತಿತ್ತು.

“ಜಹೀರಾ!” ಎಂದು ಚೀರಿದ. “ಬ್ರೇಕರಿಗೆ ನಾನೇ ವೈರ್ ಕಟ್ಟೇನಿ! ಪಂಪಿನ ಮೈಯಾಗ ಕರೆಂಟ್ ಅದ! ಹಾಂಗೇ ಒದರು, ಹಾವಗೆಪ್ಪ ವೈರ್ ಕಟ್ಟ್ಯಾನ ಅಂತ ಒದರು!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಫೋನಿನಲ್ಲಿ ಜಹೀರೋದ್ದೀನ ರಸ್ತೆ ದಾಟಿ ಓಡುತ್ತ, ಹಾವಗೆಪ್ಪ ವೈರ್ ಕಟ್ಟ್ಯಾನ, ಹಾವಗೆಪ್ಪ ವೈರ್ ಕಟ್ಟ್ಯಾನ ಎಂದು ಊರಿಗೇ ಕೇಳುವಂತೆ ಒದರುತ್ತಿದ್ದ. ಆಮೇಲೆ ಏನೂ ಕೇಳಿಸಲಿಲ್ಲ. ಹಾವಗೆಪ್ಪ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತ.

“ನಿಂತಾಳ್ರಿ,” ಅಂದಿತು ಕೊನೆಗೆ ಆ ದನಿ. “ಗೇಣು ದೂರ ಇತ್ತು ಕೈ.”

ಬಸ್ಸು ಇಳಿದು, ಎದುರಿಗೆ ಬಂದ ಟಂಟಂ ಆಟೋ ಹತ್ತಿ ಅವನು ವಾಪಸು ಬರುವಷ್ಟರಲ್ಲಿ ಪಂಪಿನ ಸುತ್ತ ಜನ ನೆರೆದಿದ್ದರು. ಕೇತಕಿ ಬೂಟು ತೊಟ್ಟು, ದೂರದಿಂದಲೇ ಕರೆಂಟು ಪತ್ತೆ ಹಚ್ಚುವ ಪೆನ್ನನ್ನು ಯಂತ್ರದ ಸಮೀಪ ಒಯ್ದು ನೋಡಿದ್ದಳು. ಪೆನ್ನು ಕಿಂವ್ ಎಂದು ಕೂಗಿತ್ತು. ಕಂಬದ ಮೇನ್ ಇಳಿಸಿ, ಕೆಂಪು ಕೀಲಿ ಹಿಡಿದು ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮೇನಿಗೆ ಕೀಲಿ ಜಡಿದು, ಅದರ ಚಾವಿಯನ್ನು ಅವನ ಕೈಗೆ ಕೊಟ್ಟಳು.

“ಬಿಚ್ಚೋರು ನೀವೇ ಅಲ್ರಿ. ನಿಮ್ಮ ಕೈ ಒಳಗ ಹೋಗ್ತದ. ಚಾವಿ ನಿಮ್ಮ ಜೇಬಿನಾಗ ಇರಲಿ.”

ಇಷ್ಟು ದಿನ ಚಾವಿ ಚಾವಿ ಎಂದು ಒಳಗೊಳಗೇ ಉರಿದವನ ಕೈಗೆ ಚಾವಿ ಬಂದಿತ್ತು. ಅದನ್ನು ಜೇಬಿಗಿಳಿಸಿ, ಎಲ್ಲರ ಕಣ್ಣೆದುರಿಗೆ ಪ್ಯಾನೆಲ್ ತೆರೆದು ವೈರು ಬಿಚ್ಚಿದ. ಕೆಂಪು ಒಂದು, ಕಪ್ಪು ಒಂದು. ಗುಟ್ಟಾಗಿ ಕೊಂಡಿದ್ದ ಮೂರು ಮೂಲೆಯ ಚಾವಿಯ ಸಮೇತ ಅವಳ ಕೈಯಲ್ಲಿಟ್ಟ. ಯಾವ ಡ್ರೈವರೂ ನಗಲಿಲ್ಲ.

“ನಾ ನಿಮಗ ಏನ್ ಮಾಡಿದ್ದೆ ಕಾಕಾ?” ಅಂದಳು ಕೇತಕಿ.

ಹೊಟ್ಟೆಕಿಚ್ಚಾಯಿತು ಅನ್ನಬೇಕಿತ್ತು. ನಿನ್ನನ್ನು ಮೇಡಂ ಅಂದರು, ನನಗೆ ತಡೆಯಲಾಗಲಿಲ್ಲ ಅನ್ನಬೇಕಿತ್ತು. ಅವನು ಪ್ಯಾನೆಲಿನ ಬಾಗಿಲು ಮುಚ್ಚಿ, ಕೆಂಪು ಕೀಲಿಯ ಚಾವಿಯನ್ನು ಜೇಬಿನಿಂದ ತೆಗೆದು ಅವಳಿಗೆ ಕೊಟ್ಟ.

ಸಾವಕಾರರು ಇವನನ್ನು ಭಾಲ್ಕಿಯ ಪಂಪಿಗೆ ಗಾಲಿಗಳಿಗೆ ಹವಾ ತುಂಬಲು ಹಾಕಿದರು. ನಾಲ್ಕು ದಿನ ಡಬ್ಬಿ ಪಂಪು ಬಂದ್ ಇತ್ತು. ಹೊಸ ಕೇಬಲಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಕುಶನೂರ ಕ್ರಾಸಿಗೆ ತಂದವನೂ ಹಾವಗೆಪ್ಪನೇ. ಬೇಕೆಂದೇ ಅವನನ್ನು ಕಳಿಸಿದ್ದರು. ಬೀದರದಿಂದ ಬಂದ ಮಿಸ್ತ್ರಿ ಕೇಬಲ್ ಬದಲಾಯಿಸಿ, ಕಲ್ಲು ಕೊರೆಸಿ ಅರ್ಥಿಂಗ್ ಆಳಕ್ಕಿಳಿಸಿ, ಎಲ್ಲ ಸರಿಯಿದೆ ಎಂದು ಹೇಳಿ ಹೋದ. ಕೇತಕಿ ಮೇನ್ ಎತ್ತಿದಳು. ಗುಂಡಿ ಬೀಳದೆ ನಿಂತಿತು.

ಹಾವಗೆಪ್ಪ ಚಹಾ ಅಂಗಡಿಯ ನೆರಳಲ್ಲಿ ನಿಂತು ನೋಡುತ್ತಿದ್ದ. ಇನ್ನು ಬೂಟು ಬಿಡುತ್ತಾಳೆ, ಇನ್ನು ಬಲಗೈ ಇಟ್ಟು ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದು ಕಾದ. ಕೇತಕಿ ಬೂಟು ಬಿಡಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ಯಂತ್ರದ ಮೈಯುದ್ದಕ್ಕೂ ಆಡಿಸಿದಳು. ಪೆನ್ನು ಕೂಗಲಿಲ್ಲ. ಮತ್ತೊಮ್ಮೆ ಆಡಿಸಿದಳು. ಆಮೇಲೆ ಪೈಪು ಕೈಗೆತ್ತಿಕೊಂಡು ಮೊದಲ ಟ್ರ್ಯಾಕ್ಟರಿನ ಕಡೆ ನಡೆದಳು. ಶರಣು ಮಾಡಲಿಲ್ಲ.

ಒಂದು ವರ್ಷ ತನ್ನ ಒಂದು ಮಾತಿನ ಮೇಲೆ ನಂಬಿಕೆಯಿಟ್ಟು ಬರಿಗಾಲಲ್ಲಿ ನಿಂತಿದ್ದ ಹುಡುಗಿ ಅವಳು. ಈಗ ಅವಳ ಕಿಸೆಯಲ್ಲಿದ್ದ ಆ ಪೆನ್ನಿನ ಮೇಲೆ ಹಾವಗೆಪ್ಪನಿಗೆ ಹೊಟ್ಟೆಕಿಚ್ಚಾಯಿತು.